ತಲಪಾಡಿ ದಾಟುವ ಮದ್ದಿನ ಚೀಟಿ, ವಾರ್ಡಿನಲ್ಲಿ ನಿಲ್ಲುವ ಫಾರ್ಮಸಿಸ್ಟ್

ಕಾಸರಗೋಡು ಜಿಲ್ಲೆಯ ಯಾವ ಆಸ್ಪತ್ರೆಯಲ್ಲಾದರೂ ಅರುವತ್ತು ದಾಟಿದವರೊಬ್ಬರು ಅಡ್ಮಿಟ್ ಆದರೆ ಅವರ ಜೊತೆಗೆ ಮದ್ದಿನ ತೊಟ್ಟೆಯೊಂದು ಬಂದೇ ಬರುತ್ತದೆ. ಅದರಲ್ಲಿ ಮಂಗಳೂರಿನ ಹೃದ್ರೋಗ ತಜ್ಞರು ಬರೆದುಕೊಟ್ಟ ಮಾತ್ರೆ ಇರುತ್ತದೆ, ಊರಿನ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಸಿಗುವ ಬಿಪಿ-ಶುಗರಿನ ಗುಳಿಗೆ ಇರುತ್ತದೆ, ಗಂಟುನೋವಿಗೆಂದು ಮೆಡಿಕಲಿನಿಂದ ತಂದ ಸ್ಟ್ರಿಪ್ ಇರುತ್ತದೆ, ಅರ್ಧ ಮುಗಿದ ಅರಿಷ್ಟದ ಬಾಟಲಿಯೂ ಇರುತ್ತದೆ. ಮಂಗಳೂರಿನ ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ. ಆರೋಗ್ಯ ಕೇಂದ್ರದ ಲಕೋಟೆಯ ಮೇಲಿನ ಸೂಚನೆ ಮಲಯಾಳದಲ್ಲಿ. ರೋಗಿಗೆ ಓದಲು ಬರುವುದು ಕನ್ನಡ, ಮನೆಯಲ್ಲಿ ಆಡುವುದು ತುಳುವೋ ಬ್ಯಾರಿಯೋ ಮರಾಠಿಯೋ. ಈ ತೊಟ್ಟೆಯನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೂ ಎತ್ತಿ ನೋಡಿ, ಒಂದೇ ಮದ್ದು ಎರಡು ಹೆಸರಿನಲ್ಲಿ ಎಲ್ಲಿದೆ, ಯಾವುದು ಯಾವುದಕ್ಕೆ ಆಗಿಬರುವುದಿಲ್ಲ ಎಂದು ಹೇಳಬೇಕಾದವರು ಯಾರು? ಡ್ಯೂಟಿ ಡಾಕ್ಟರ ಮುಂದೆ ಇನ್ನೂ ಹತ್ತು ಜನ ಕಾಯುತ್ತಿರುತ್ತಾರೆ. ಸಿಸ್ಟರಿಗೆ ಡ್ರಿಪ್ ಹಾಕಬೇಕು, ರಕ್ತ ತೆಗೆಯಬೇಕು. ಕ್ಲಿನಿಕಲ್ ಫಾರ್ಮಸಿಸ್ಟರ ಕೆಲಸ ಶುರುವಾಗುವುದು ಇಲ್ಲಿ.

ಇವರು ಕೌಂಟರಿನಲ್ಲಿ ಮದ್ದು ಕೊಡುವವರಲ್ಲ. ಭಾರತದಲ್ಲಿ 2008ರಲ್ಲಿ ಫಾರ್ಮ್.ಡಿ ಎಂಬ ಆರು ವರ್ಷದ ಕೋರ್ಸು ಶುರುವಾಯಿತು. ಐದು ವರ್ಷ ಓದು, ಆರನೆಯದು ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅದಕ್ಕೂ ಮೊದಲು ಎಂ.ಫಾರ್ಮ್‌ನಲ್ಲಿ ಫಾರ್ಮಸಿ ಪ್ರಾಕ್ಟೀಸ್ ಓದಿದವರು ಮೈಸೂರು, ಊಟಿ ಕಡೆಯ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ದಾರಿ ಮಾಡಿದ್ದರು. ಇವರಿಗೆ ಮದ್ದು ಬರೆಯುವ ಅಧಿಕಾರವಿಲ್ಲ. ಬರೆದ ಮದ್ದನ್ನು ಪರಿಶೀಲಿಸಿ ಸಲಹೆ ಕೊಡಬಹುದು, ಅಷ್ಟೆ. ಹಾಗಿರುವಾಗ ವೈದ್ಯರೂ ದಾದಿಯರೂ ಇವರನ್ನು ಹೇಗೆ ನೋಡುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಸಲಹೆಯನ್ನು ಕೇಳುವವರೇ ಇಲ್ಲದಿದ್ದರೆ ಆ ಹುದ್ದೆಯೇ ಇಲ್ಲದ ಹಾಗೆ.

ಈ ನೋಟವನ್ನು ನಿರ್ಧರಿಸುವುದು ಪದವಿಯೂ ಅಲ್ಲ, ಸ್ವಭಾವವೂ ಅಲ್ಲ. ಮದ್ದು ಬರೆಯುವ ಹೊತ್ತಿಗೆ ಫಾರ್ಮಸಿಸ್ಟ್ ಹಾಸಿಗೆಯ ಪಕ್ಕದಲ್ಲಿ ಇದ್ದರೇ ಇಲ್ಲವೇ, ಅದೇ ಮುಖ್ಯ. 1999ರಲ್ಲಿ ಜಾಮಾ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲಿನ ಅಧ್ಯಯನ ಈ ಕ್ಷೇತ್ರದವರಿಗೆಲ್ಲ ಪರಿಚಿತ. ಐಸಿಯುವಿನ ಬೆಳಗಿನ ರೌಂಡ್ಸಿನಲ್ಲಿ ಹಿರಿಯ ಫಾರ್ಮಸಿಸ್ಟ್ ಒಬ್ಬರು ಸೇರಿಕೊಂಡ ಮೇಲೆ, ಮದ್ದು ಬರೆಯುವ ಹಂತದ ತಡೆಯಬಹುದಾದ ಅವಘಡಗಳು 1000 ರೋಗಿ-ದಿನಗಳಿಗೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) 10.4 ಇದ್ದದ್ದು 3.5ಕ್ಕೆ ಇಳಿದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಅಧ್ಯಯನದ ಇನ್ನೊಂದು ಅಂಕಿ: ಅವರು ಕೊಟ್ಟ 366 ಸಲಹೆಗಳಲ್ಲಿ 362ನ್ನು ವೈದ್ಯರು ಒಪ್ಪಿದರು. ಅದೇ ಮಾತನ್ನು ಮಧ್ಯಾಹ್ನ ಮೂರು ಗಂಟೆಗೆ, ಡೋಸ್ ಹೋದ ಮೇಲೆ, ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರೆ ಒಪ್ಪುವವರು ಎಷ್ಟು ಮಂದಿ?

ನಮ್ಮ ಗಡಿಯ ವಿಷಯಕ್ಕೆ ಬರುತ್ತೇನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಚಿಕಿತ್ಸೆಯ ದಾರಿ ಉತ್ತರಕ್ಕೇ ಉಳಿಯಿತು. ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು, ದೇರಳಕಟ್ಟೆ. 2020ರ ಮಾರ್ಚಿನಲ್ಲಿ ಕೋವಿಡ್ ಹೊತ್ತಿಗೆ ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ರಸ್ತೆ ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳದ್ದೆಂದು ಎಲ್ಲರಿಗೂ ಗೊತ್ತಾಯಿತು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ರಸ್ತೆ ತೆರೆಯಿತು. ಆದರೆ ರೋಗಿಯ ಮದ್ದಿನ ದಾಖಲೆ ಈಗಲೂ ಎರಡು ರಾಜ್ಯಗಳಲ್ಲಿ ಹರಿದು ಹಂಚಿಹೋಗಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮದ್ದಿನಿಂದಾಗುವ ಹಾನಿ ತಡೆಯುವ ಅಭಿಯಾನ ಶುರುಮಾಡಿದಾಗ ಮೂರು ಕಡೆ ಗಮನ ಕೊಡಿ ಎಂದಿತು: ಅಪಾಯ ಹೆಚ್ಚಿರುವ ಸಂದರ್ಭಗಳು, ಒಬ್ಬರೇ ಹಲವು ಮದ್ದು ನುಂಗುವುದು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ಹಂತ. ಪೆರ್ಲದ ಎಪ್ಪತ್ತರ ಅಜ್ಜಿಯೊಬ್ಬರಲ್ಲಿ ಈ ಮೂರೂ ಒಟ್ಟಿಗೆ ಇರುತ್ತವೆ.

ಮೆಡಿಕೇಶನ್ ರಿಕನ್ಸಿಲಿಯೇಶನ್ ಎಂದು ಆಸ್ಪತ್ರೆಗಳಲ್ಲಿ ಕರೆಯುವ ಕೆಲಸ ಇದಕ್ಕಾಗಿಯೇ ಇರುವುದು. ಅಡ್ಮಿಟ್ ಆದ 24 ಗಂಟೆಯೊಳಗೆ, ಕನಿಷ್ಠ ಎರಡು ಮೂಲಗಳಿಂದ ರೋಗಿ ನಿಜವಾಗಿ ತೆಗೆದುಕೊಳ್ಳುತ್ತಿರುವ ಮದ್ದುಗಳ ಪಟ್ಟಿ ಮಾಡಬೇಕು. ಚೀಟಿ ಒಂದು ಮೂಲ, ತೊಟ್ಟೆ ಇನ್ನೊಂದು, ಮನೆಯಲ್ಲಿ ಮದ್ದು ಕೊಡುವ ಸೊಸೆಯೋ ಮಗನೋ ಮೂರನೆಯದು. ಬ್ರಾಂಡ್ ಹೆಸರು ಬಿಟ್ಟು ಜೆನೆರಿಕ್ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಕೊನೆಯ ಡೋಸ್ ಯಾವಾಗ, ಇಷ್ಟನ್ನೂ ಬರೆಯಬೇಕು. “ಬೇರೆ ಮದ್ದು ಏನಾದರೂ ಉಂಟಾ?” ಎಂದು ಕೇಳಿದರೆ “ಇಲ್ಲ” ಎಂದೇ ಉತ್ತರ ಬರುತ್ತದೆ. ಕಣ್ಣಿಗೆ ಹಾಕುವುದುಂಟಾ, ಎಳೆಯುವ ಮದ್ದುಂಟಾ, ಇನ್ಸುಲಿನ್ ಉಂಟಾ, ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವುದುಂಟಾ, ವೈದ್ಯಶಾಲೆಯ ಕಷಾಯ ಉಂಟಾ ಎಂದು ಬಿಡಿಸಿ ಕೇಳಬೇಕು. ಯಷ್ಟಿಮಧು ಹೆಚ್ಚಿರುವ ಕಷಾಯವೂ ಮೂತ್ರ ಹೋಗುವ ಮಾತ್ರೆಯೂ ಜೊತೆಯಾದರೆ ಪೊಟ್ಯಾಸಿಯಮ್ ಇಳಿಯಬಹುದು. ಗಂಟುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆಯ ಮದ್ದು, ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಆಮೇಲೆ ಈ ಪಟ್ಟಿಯನ್ನು ವಾರ್ಡಿನ ಚಾರ್ಟಿನ ಜೊತೆ ಇಟ್ಟು, ಪ್ರತಿ ವ್ಯತ್ಯಾಸವೂ ವೈದ್ಯರು ಬೇಕೆಂದೇ ಮಾಡಿದ್ದೋ ಬಿಟ್ಟುಹೋದದ್ದೋ ಎಂದು ಕೇಳಿ ತಿಳಿಯಬೇಕು. ಐಸಿಯುವಿನಿಂದ ವಾರ್ಡಿಗೆ ಬಂದಾಗ ಮತ್ತೊಮ್ಮೆ, ಮನೆಗೆ ಹೋಗುವಾಗ ಇನ್ನೊಮ್ಮೆ. ಸರಿಯಾಗಿ ಮಾಡಿದರೆ ಒಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತದೆ.

ಇಲ್ಲಿ ಪದೇ ಪದೇ ಸಿಗುವ ಎಡವಟ್ಟು ಯಾವುದೆಂದರೆ, ಮಂಗಳೂರಿನ ಚೀಟಿಯಲ್ಲಿ ಬಿಪಿಯ ಎರಡು ಮದ್ದುಗಳಾದ ಟೆಲ್ಮಿಸಾರ್ಟನ್ 40 ಮತ್ತು ಆಮ್ಲೋಡಿಪಿನ್ 5 ಸೇರಿದ ಒಂದು ಬ್ರಾಂಡ್ ಇರುತ್ತದೆ. ಆರೋಗ್ಯ ಕೇಂದ್ರದ ಲಕೋಟೆಯಲ್ಲಿ ಬರೀ ಆಮ್ಲೋಡಿಪಿನ್ 5. ಹೆಸರು ಬೇರೆ, ಬಣ್ಣ ಬೇರೆ, ಆದ್ದರಿಂದ ರೋಗಿ ಎರಡನ್ನೂ ನುಂಗುತ್ತಾರೆ. 10 ಮಿಲಿಗ್ರಾಂ ಎಂದರೆ ವಿಷವಲ್ಲ, ಆದರೆ ಡೋಸ್ ಏರಿದ ಹಾಗೆ ಪಾದ ಊದುತ್ತದೆ. ಊದಿದ ಪಾದಕ್ಕೆ ಇನ್ನೊಬ್ಬರು ಮೂತ್ರ ಹೋಗುವ ಮಾತ್ರೆ ಫ್ರುಸೆಮೈಡ್ ಬರೆಯುತ್ತಾರೆ. ಅದು ದೇಹದಲ್ಲಿ ನೀರು ತುಂಬಿ ಬಂದ ಊತವಲ್ಲವಾದ್ದರಿಂದ ಇಳಿಯುವುದಿಲ್ಲ, ಸೋಡಿಯಂ-ಪೊಟ್ಯಾಸಿಯಮ್ ಇಳಿಯುತ್ತದೆ. ರಾತ್ರಿ ಮೂತ್ರಕ್ಕೆ ಎದ್ದು ಜಾರಿ ಬಿದ್ದು ಸೊಂಟ ಮುರಿದುಕೊಂಡು ಬರುತ್ತಾರೆ. ಮೂಳೆ ತಜ್ಞರ ವಾರ್ಡಿನ ಕೇಸ್ ಶೀಟಿನಲ್ಲಿ ಆಮ್ಲೋಡಿಪಿನ್‌ನ ಕಥೆ ಎಲ್ಲಿಯೂ ಇರುವುದಿಲ್ಲ. ಶುಗರಿನ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ ಜೋಡಿಯದ್ದೂ ಇದೇ ಪಾಡು, ಅಲ್ಲಿ ಶುಗರ್ ಇಳಿದು ಪ್ರಜ್ಞೆ ತಪ್ಪುತ್ತದೆ. ಇಂಥ ಒಂದನ್ನು ಹಿಡಿದು ತೋರಿಸಿದ ಮೇಲೆ ಆ ವಾರ್ಡಿನ ವೈದ್ಯರು ಫಾರ್ಮಸಿಸ್ಟರನ್ನು ನೋಡುವ ರೀತಿಯೇ ಬದಲಾಗುತ್ತದೆ. ಪಟ್ಟಿ ಮಾಡುವುದು ಗುಮಾಸ್ತಿಕೆ ಎಂದುಕೊಂಡಿದ್ದವರಿಗೆ ಅದು ರೋಗನಿದಾನದ ಭಾಗ ಎಂದು ಕಾಣುತ್ತದೆ.

ವೈದ್ಯರ ಆಕ್ಷೇಪಗಳು ಹುರುಳಿಲ್ಲದವಲ್ಲ. ಮೊದಲನೆಯದು ಜವಾಬ್ದಾರಿಯದ್ದು. “ಸಲಹೆ ಇವರದು, ತಪ್ಪಾದರೆ ಉತ್ತರ ಕೊಡಬೇಕಾದವನು ನಾನು” ಎಂಬ ಮಾತು ಹಿರಿಯ ಫಿಸಿಶಿಯನ್ನರಿಂದ ಕೇಳಿಬರುತ್ತದೆ. ಅದು ಅಹಂಕಾರವಲ್ಲ, ಕಾನೂನಿನ ಸತ್ಯ. ಇದಕ್ಕೆ ಉತ್ತರ ಫಾರ್ಮಸಿಸ್ಟರ ಕೈಯಲ್ಲೇ ಇದೆ: ಸಲಹೆಯನ್ನು ಹೆಸರು, ಸಮಯ, ಸಹಿ ಸಮೇತ ಕೇಸ್ ಶೀಟಿನಲ್ಲೇ ಬರೆಯುವುದು. ಹಲವು ಕಡೆ ಫಾರ್ಮಸಿ ವಿಭಾಗ ತನ್ನದೇ ಫೈಲಿನಲ್ಲಿ ಸಲಹೆಗಳನ್ನು ಬರೆದಿಡುತ್ತದೆ. ತಪಾಸಣೆಗೆ ಬಂದವರಿಗೆ ತೋರಿಸಲು ಅದು ಚೆನ್ನ. ರಾತ್ರಿ ಎರಡು ಗಂಟೆಗೆ ರೋಗಿಯನ್ನು ನೋಡುವ ಹೌಸ್ ಸರ್ಜನ್ನಿಗೆ ಅದರಿಂದ ಏನೂ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಪುಸ್ತಕದ ಮಾತಿನದು, ನನ್ನ ಮಟ್ಟಿಗೆ ಇದೇ ಹೆಚ್ಚು ನ್ಯಾಯವಾದದ್ದು. ಹನ್ನೆರಡು ಮದ್ದಿರುವ ಚಾರ್ಟನ್ನು ಸಾಫ್ಟ್‌ವೇರಿಗೆ ಹಾಕಿದರೆ ಉದ್ದನೆಯ ಎಚ್ಚರಿಕೆಯ ಪಟ್ಟಿ ಹೊರಬರುತ್ತದೆ. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಒಟ್ಟಿಗೆ ಕೊಟ್ಟರೆ ರಕ್ತಸ್ರಾವದ ಸಾಧ್ಯತೆ ಎಂದು ಹೃದ್ರೋಗ ತಜ್ಞರಿಗೆ ಹೋಗಿ ಹೇಳುವುದರಲ್ಲಿ ಅರ್ಥವಿಲ್ಲ, ಅವರು ಬೇಕೆಂದೇ ಕೊಟ್ಟದ್ದು. ಅದೇ ಚಾರ್ಟಿನಲ್ಲಿ ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಇದ್ದರೆ ಅದರ ಬದಲು ಪ್ಯಾಂಟೊಪ್ರಜೋಲ್ ಆಗಬಹುದೇ ಎಂದು ಕೇಳುವುದರಲ್ಲಿ ಅರ್ಥವಿದೆ, ಏಕೆಂದರೆ ಒಮೆಪ್ರಜೋಲ್ ಕ್ಲೊಪಿಡೊಗ್ರೆಲನ್ನು ಸಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಹತ್ತು ಎಚ್ಚರಿಕೆ ಓದಿ ಒಂದನ್ನು ಆರಿಸಿ, ಅದೊಂದನ್ನೇ ಹೇಳುವ ವಿವೇಕ ಇರಬೇಕು. ಹತ್ತನ್ನೂ ಹೇಳುವವರ ಮಾತಿಗೆ ಒಂದೇ ವಾರದಲ್ಲಿ ಕಿವಿ ಮುಚ್ಚುತ್ತದೆ, ನಿಜವಾದ ಅಪಾಯ ಹೇಳುವ ದಿನವೂ ಯಾರೂ ಕೇಳುವುದಿಲ್ಲ.

ಕಿಡ್ನಿಯ ಲೆಕ್ಕವನ್ನೇ ನೋಡಿ. 70 ವರ್ಷ, 45 ಕಿಲೋ ತೂಕದ ಹೆಂಗಸು, ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) 1.4. ಲ್ಯಾಬ್ ರಿಪೋರ್ಟಿನಲ್ಲಿ ಅದು ಸ್ವಲ್ಪ ಹೆಚ್ಚು, ಅಷ್ಟೆ. ಕಿಡ್ನಿ ನಿಮಿಷಕ್ಕೆ ಎಷ್ಟು ಶುದ್ಧಿ ಮಾಡುತ್ತದೆಂದು ಅಂದಾಜಿಸುವ ಕಾಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯೇಟಿನಿನ್‌ನ ಗುಣಲಬ್ಧದಿಂದ ಭಾಗಿಸಿ, ಹೆಂಗಸಾದ್ದರಿಂದ 0.85ರಿಂದ ಗುಣಿಸಬೇಕು. 3150ನ್ನು 100.8ರಿಂದ ಭಾಗಿಸಿದರೆ ಸುಮಾರು 31, ಕೊನೆಗೆ ಸಿಗುವುದು ನಿಮಿಷಕ್ಕೆ ಸುಮಾರು 27 ಮಿಲಿಲೀಟರ್. ಈಗ ಚಿತ್ರವೇ ಬೇರೆ. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೆರಡು ಸಲ ಕೊಡುವ ಎನಾಕ್ಸಪ್ಯಾರಿನ್ ದಿನಕ್ಕೊಮ್ಮೆಗೆ ಇಳಿಯಬೇಕು. ಆಂಟಿಬಯೋಟಿಕ್ ಆದ ಮೆರೊಪೆನಮ್ 1 ಗ್ರಾಂ 8 ಗಂಟೆಗೊಮ್ಮೆ ಇದ್ದದ್ದು 12 ಗಂಟೆಗೊಮ್ಮೆ ಆಗಬೇಕು. ಇನ್ನೊಂದು ಆಂಟಿಬಯೋಟಿಕ್ ಸೆಫ್ಟ್ರಿಯಾಕ್ಸೋನ್‌ಗೆ ಏನೂ ಬದಲಾವಣೆ ಬೇಡ.

ಆದರೆ ಕೆಲಸ ಗೊತ್ತಿದ್ದವರು ಇಲ್ಲಿಗೆ ನಿಲ್ಲುವುದಿಲ್ಲ. ಆ ಸೂತ್ರ ನಂಬಬಹುದಾದದ್ದು ಕ್ರಿಯೇಟಿನಿನ್ ಸ್ಥಿರವಾಗಿರುವಾಗ ಮಾತ್ರ. ಸೋಂಕು ಮೈಯೆಲ್ಲ ಏರಿ ಸೆಪ್ಸಿಸ್ ಆಗಿ ಬಂದವರಲ್ಲಿ ಮೊದಲ ದಿನದ ಕ್ರಿಯೇಟಿನಿನ್ ಏರಿರುತ್ತದೆ, ದ್ರವ ಕೊಟ್ಟ ಮೇಲೆ ಅನೇಕರಲ್ಲಿ ಒಂದೆರಡು ದಿನದಲ್ಲೇ ಇಳಿಯುತ್ತದೆ. ಮೊದಲ ಡೋಸನ್ನು ಎಂದಿಗೂ ಕಡಿಮೆ ಮಾಡಬಾರದು. ಮೊದಲ 24ರಿಂದ 48 ಗಂಟೆ ಆಂಟಿಬಯೋಟಿಕ್ ಕಡಿಮೆಯಾಗುವುದೇ ಹೆಚ್ಚಾಗುವುದಕ್ಕಿಂತ ದೊಡ್ಡ ಅಪಾಯ. ಹೊಸ ಫಾರ್ಮಸಿಸ್ಟ್ ಅಡ್ಮಿಶನ್ ದಿನವೇ “ಡೋಸ್ ಅರ್ಧ ಮಾಡಿ” ಎಂದು ಬರೆದರೆ ಐಸಿಯು ವೈದ್ಯರು ಅಸಮಾಧಾನಗೊಳ್ಳುವುದರಲ್ಲಿ ತಪ್ಪೇನಿಲ್ಲ. “ಇಂದು ಪೂರ್ತಿ ಡೋಸ್ ಇರಲಿ, ನಾಳಿದ್ದು ಬೆಳಗಿನ ಕ್ರಿಯೇಟಿನಿನ್ ನೋಡಿ ಬದಲಿಸೋಣ” ಎಂದು ಹೇಳಿ, ನಾಳಿದ್ದು ತಾವೇ ನೆನಪಿಟ್ಟು ಬರುವವರನ್ನು ಅದೇ ವೈದ್ಯರು ಮುಂದಿನ ಸಲ ಫೋನ್ ಮಾಡಿ ಕರೆಯುತ್ತಾರೆ.

ಕಾಸರಗೋಡಿನಲ್ಲಿ ಪ್ರತಿಯೊಬ್ಬ ಫಾರ್ಮಸಿಸ್ಟರ ಬಾಯಲ್ಲೂ ಇರಬೇಕಾದ ಒಂದು ಜೋಡಿ ಉಂಟು: ಅಪಸ್ಮಾರದ ಮದ್ದು ವ್ಯಾಲ್ಪ್ರೊಯೇಟ್ ಮತ್ತು ಮೆರೊಪೆನಮ್. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ, ಎಣ್ಮಕಜೆಯಂಥ ಪಂಚಾಯತುಗಳಲ್ಲಿ, ವರ್ಷಾನುಗಟ್ಟಲೆ ಅಪಸ್ಮಾರದ ಮದ್ದಿನ ಮೇಲೆ ಬದುಕುತ್ತಿರುವ ಮಕ್ಕಳೂ ಈಗ ದೊಡ್ಡವರಾದವರೂ ಇದ್ದಾರೆ. ಹಾಸಿಗೆ ಹಿಡಿದವರಿಗೆ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ, ಮೂತ್ರದ ಸೋಂಕು ಬರುತ್ತದೆ. ಗಂಭೀರವಾದರೆ ಮೆರೊಪೆನಮ್ ಶುರುವಾಗುತ್ತದೆ. ಒಂದೆರಡು ದಿನಗಳೊಳಗೆ ರಕ್ತದಲ್ಲಿ ವ್ಯಾಲ್ಪ್ರೊಯೇಟ್ ಪ್ರಮಾಣ ಪಾತಾಳಕ್ಕೆ ಇಳಿಯುತ್ತದೆ, ಫಿಟ್ಸ್ ಬರುತ್ತದೆ. ಸೋಂಕು ಮೆದುಳಿಗೆ ಹೋಯಿತೇ ಎಂದು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ, ವ್ಯಾಲ್ಪ್ರೊಯೇಟ್ ಡೋಸ್ ಏರಿಸುತ್ತಾರೆ. ಏರಿಸಿದರೂ ಪ್ರಯೋಜನವಿಲ್ಲ. ಬೇರೆ ಗುಂಪಿನ ಆಂಟಿಬಯೋಟಿಕ್ ಆಗುವುದಾದರೆ ಅದು ಮೇಲು, ಆಗದಿದ್ದರೆ ಮೆರೊಪೆನಮ್ ಇರುವಷ್ಟು ದಿನ ಲೆವೆಟಿರಾಸಿಟಮ್‌ನಂಥ ಇನ್ನೊಂದು ಮದ್ದು ಜೊತೆಗೆ ಬೇಕು, ನಿಲ್ಲಿಸಿದ ಮೇಲೂ ಒಂದೆರಡು ವಾರ. ಈ ಮಾತು ಮೊದಲ ಡೋಸಿಗೆ ಮುಂಚೆ ಬಂದರೆ ಒಂದು ಸಾಲಿನ ಸಲಹೆ. ಮೂರನೆಯ ದಿನ ಬಂದರೆ ಮನೆಯವರು ಆಗಲೇ ಮಂಗಳೂರಿಗೆ ಆಂಬುಲೆನ್ಸ್ ಹುಡುಕುತ್ತಿರುತ್ತಾರೆ.

ದಾದಿಯರ ನೋಟ ವೈದ್ಯರದ್ದಕ್ಕಿಂತ ಬೇರೆ, ಬಹಳ ಮಟ್ಟಿಗೆ ನೇರ. ಅವರಿಗೆ ಬೇಕಾದದ್ದು ಇಂಜೆಕ್ಷನ್ ಟ್ರೇ ಕೈಯಲ್ಲಿ ಹಿಡಿದು ನಿಂತಿರುವಾಗಿನ ಉತ್ತರ. ಫಿಟ್ಸಿನ ಮದ್ದು ಫೆನಿಟಾಯಿನ್ ಯಾವುದರಲ್ಲಿ ಬೆರೆಸುವುದು? ನಾರ್ಮಲ್ ಸಲೈನಿನಲ್ಲಿ ಮಾತ್ರ, ಡೆಕ್ಸ್‌ಟ್ರೋಸಿನಲ್ಲಿ ಹಾಕಿದರೆ ಹರಳುಗಟ್ಟುತ್ತದೆ, ನಿಮಿಷಕ್ಕೆ 50 ಮಿಲಿಗ್ರಾಂ ಮೀರಬಾರದು, ವಯಸ್ಸಾದವರಿಗೆ ಅದಕ್ಕಿಂತಲೂ ನಿಧಾನ. ಆಂಟಿಬಯೋಟಿಕ್ ವ್ಯಾಂಕೊಮೈಸಿನ್ 1 ಗ್ರಾಂ? ಕನಿಷ್ಠ 200 ಮಿಲಿಲೀಟರಿನಲ್ಲಿ, ಕನಿಷ್ಠ 1 ಗಂಟೆ, ಬೇಗ ಬಿಟ್ಟರೆ ಮೈ ಕೆಂಪಾಗಿ ತುರಿಕೆ ಎದ್ದು ಬಿಪಿ ಇಳಿಯಬಹುದು. ಅಂಥದ್ದನ್ನು ಅಲರ್ಜಿ ಎಂದು ಬರೆದುಬಿಟ್ಟರೆ ಆ ರೋಗಿಗೆ ಬೇಕಾದ ಮದ್ದು ಜೀವಮಾನವಿಡೀ ತಪ್ಪುತ್ತದೆ. ಸೆಫ್ಟ್ರಿಯಾಕ್ಸೋನ್ ಮತ್ತು ರಿಂಗರ್ ಲ್ಯಾಕ್ಟೇಟ್ ಒಂದೇ ಲೈನಿನಲ್ಲಿ ಬೇಡ, ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿನಲ್ಲಿ ಕೊಡಲು ಮಾತ್ರೆ ಪುಡಿ ಮಾಡುವಾಗ ಹೆಸರಿನ ಕೊನೆಗೆ ಎಸ್‌ಆರ್, ಸಿಆರ್, ಎಕ್ಸ್‌ಎಲ್ ಇದ್ದರೆ ಕೈ ತಡೆಯಬೇಕು, ಇಡೀ ದಿನದ ಮದ್ದು ಒಮ್ಮೆಗೇ ಇಳಿಯುತ್ತದೆ. ಫೆನಿಟಾಯಿನ್ ಟ್ಯೂಬಿನಲ್ಲಿ ಕೊಡುವುದಾದರೆ ಅದರ ಹಿಂದೆ ಮುಂದೆ ಒಂದೆರಡು ಗಂಟೆ ಗಂಜಿ ನಿಲ್ಲಿಸಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಇಂಜೆಕ್ಷನ್ ಬೆರೆಸುವ ಮೇಜಿನ ಎದುರು ಅಂಟಿಸಿದ ಫಾರ್ಮಸಿಸ್ಟ್ ಆ ವಾರ್ಡಿನ ಮನೆಯವರಾಗುತ್ತಾರೆ.

ದಾದಿಯರು ದೂರ ಸರಿಯುವುದು ಫಾರ್ಮಸಿಸ್ಟ್ ಪಟ್ಟಿ ಹಿಡಿದು ತಪ್ಪು ಎಣಿಸಲು ಬಂದರೆ. ಇನ್ಸುಲಿನ್ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಭಾರತದಲ್ಲಿ ಸಾಮಾನ್ಯ ವಯಲ್ ಮಿಲಿಲೀಟರಿಗೆ 40 ಯೂನಿಟಿನದು, ಪೆನ್ನಿನ ಕಾರ್ಟ್ರಿಡ್ಜ್ 100 ಯೂನಿಟಿನದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕೇಸರಿ. 100ರ ಇನ್ಸುಲಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಇದು ನಡೆದಾಗ ಯಾವ ಸಿಸ್ಟರ್ ಡ್ಯೂಟಿಯಲ್ಲಿದ್ದರು ಎಂದು ಬರೆದುಕೊಂಡು ಹೋದರೆ ಮುಂದಿನ ತಪ್ಪು ಯಾರಿಗೂ ತಿಳಿಯದೆ ಮುಚ್ಚಿಹೋಗುತ್ತದೆ. ಎರಡು ಬಗೆಯ ಸಿರಿಂಜೂ ಒಂದೇ ಟ್ರೇಯಲ್ಲಿ ಏಕಿದ್ದವು ಎಂದು ಕೇಳಿ, ವಾರ್ಡಿನಲ್ಲಿ ಒಂದೇ ಬಗೆ ಇರುವಂತೆ ಸ್ಟೋರಿನವರ ಜೊತೆ ಮಾತಾಡಿದರೆ ತಪ್ಪಿಗೆ ಜಾಗವೇ ಇರುವುದಿಲ್ಲ. ಪೊಟ್ಯಾಸಿಯಮ್ ಕ್ಲೋರೈಡಿನದ್ದೂ ಹಾಗೆಯೇ: 10 ಮಿಲಿಲೀಟರಿನ ಒಂದು ಆಂಪೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ, ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮೀರಬಾರದು, ನೇರವಾಗಿ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಅದು ಡಿಸ್ಟಿಲ್ಡ್ ವಾಟರಿನ ಆಂಪೂಲಿನ ಪಕ್ಕದಲ್ಲಿ ಇರಲೇಬಾರದು. ಅಡ್ಡ ಪರಿಣಾಮಗಳ ವರದಿಯ ವಿಷಯದಲ್ಲೂ ಇದೇ ಹೆದರಿಕೆ. 2010ರಿಂದ ನಡೆಯುತ್ತಿರುವ ರಾಷ್ಟ್ರೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ ಫಾರಂ ತುಂಬಿದರೆ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲ, ವರದಿ ಮಾಡಿದವರ ಗುರುತು ಗುಟ್ಟಾಗಿರುತ್ತದೆ. ಇದನ್ನು ಫಾರ್ಮಸಿಸ್ಟರೇ ಹೇಳಿ, ಫಾರಂ ತಾವೇ ತುಂಬಿ, ವೈದ್ಯರಿಗೆ ತೋರಿಸಿದರೆ ಕೆಲಸ ಮುಂದೆ ಹೋಗುತ್ತದೆ.

ಸರ್ಜನ್ನರ ಜೊತೆ ಮಾತು ಕಷ್ಟ. ಕೊಯ್ಯುವ ಮುನ್ನ 60 ನಿಮಿಷದೊಳಗೆ ಆಂಟಿಬಯೋಟಿಕ್ ಸೆಫಜೋಲಿನ್ 2 ಗ್ರಾಂ, ಶಸ್ತ್ರಕ್ರಿಯೆ 4 ಗಂಟೆ ಮೀರಿದರೆ ಮತ್ತೊಂದು ಡೋಸ್ ಎಂಬುದು ಪ್ರಚಲಿತ ಕ್ರಮ; ಮುಗಿದ ಮೇಲೆ ಮುಂದುವರಿಸುವುದು ಬೇಡ ಎಂಬುದು 2016ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ನಿಲುವು. ಐದು ದಿನ ಆಂಟಿಬಯೋಟಿಕ್ ಕೊಟ್ಟು ರೂಢಿಯಾದ ಕೈ ಮಾರ್ಗಸೂಚಿ ಓದಿ ಹೇಳಿದ್ದಕ್ಕೆ ಬದಲಾಗುವುದಿಲ್ಲ, ಗಾಯ ಕೀವಾದರೆ ಹೆಸರು ಕೆಡುವುದು ಅವರದು. ಅದೇ ಆಸ್ಪತ್ರೆಯ ಗಾಯದ ಸೋಂಕಿನ ಲೆಕ್ಕವನ್ನು ತಿಂಗಳು ತಿಂಗಳು ಅವರ ಮುಂದೆ ಇಡುವುದೊಂದೇ ದಾರಿ.

ಕೌಂಟರಿನಲ್ಲಿರುವ ಹಳೆಯ ಫಾರ್ಮಸಿಸ್ಟರನ್ನು ಈ ಚರ್ಚೆಯಲ್ಲಿ ಮರೆಯುತ್ತಾರೆ. ಯಾವ ಮದ್ದು ಸ್ಟೋರಿನಲ್ಲಿದೆ, ಯಾವುದು ಕೇರಳ ಸರಕಾರದ ಕಾರುಣ್ಯ ಫಾರ್ಮಸಿಯಲ್ಲಿ ಅಥವಾ ಜನೌಷಧಿಯಲ್ಲಿ ಸಿಗುತ್ತದೆ, ಯಾವ ಮನೆಯವರು ಎಷ್ಟರ ಮದ್ದು ಕೊಂಡಾರು, ಇದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅವರನ್ನು ಕೇಳದೆ ವಾರ್ಡಿನಲ್ಲಿ ಸಲಹೆ ಕೊಟ್ಟರೆ, ಊರಿನಲ್ಲೇ ಸಿಗದ ಮದ್ದಿನ ಹೆಸರು ಚೀಟಿಯಲ್ಲಿ ಕೂರುತ್ತದೆ.

ಈ ಎಲ್ಲದರ ನಡುವೆ ನನಗೆ ನಿಜವಾಗಿ ಬೇಸರ ತರುವುದು ವ್ಯವಸ್ಥೆಯ ಒಂದು ಅಭ್ಯಾಸ. ಅನೇಕ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂದು ಕಾಣಿಸುವವರು ಸಂಬಳದ ಹುದ್ದೆಯವರಲ್ಲ, ವಿಭಾಗದಿಂದ ವಿಭಾಗಕ್ಕೆ ಸುತ್ತುವ ಇಂಟರ್ನ್‌ಗಳು. ಮೆಡಿಸಿನ್ ವಾರ್ಡಿನ ಸಿಸ್ಟರಿಗೆ ಅವರ ಹೆಸರು ಪರಿಚಯವಾಗುವ ಹೊತ್ತಿಗೆ ಅವರು ಮಕ್ಕಳ ವಾರ್ಡಿಗೆ ಹೋಗಿರುತ್ತಾರೆ. ವೈದ್ಯರ ನಂಬಿಕೆ ಬೆಳೆಯುವುದು ಒಬ್ಬ ವ್ಯಕ್ತಿಯ ಮೇಲೆ. ಹೇಳಿದ ಸಲಹೆ ಮೂರು ದಿನದ ನಂತರ ಏನಾಯಿತೆಂದು ನೋಡಲು ಅದೇ ವ್ಯಕ್ತಿ ಬರಬೇಕು. ಒಂದು ಐಸಿಯುವಿಗೆ, ಎರಡು ಮೆಡಿಸಿನ್ ವಾರ್ಡಿಗೆ ಒಬ್ಬರನ್ನಾದರೂ ಖಾಯಂ ನೇಮಿಸಿ, ಅವರು ಬೆಳಗಿನ ರೌಂಡ್ಸಿಗೆ ಬರಲೇಬೇಕು ಎಂದು ಮಾಡದೆ, ವೈದ್ಯರ ಮನೋಭಾವ ಸರಿಯಿಲ್ಲ ಎನ್ನುವುದು ನ್ಯಾಯವಲ್ಲ.

ಕೊನೆಗೆ ಡಿಸ್ಚಾರ್ಜ್. ಮಂಗಳೂರಿನಿಂದ ಬರುವ, ಕಾಸರಗೋಡಿನಿಂದ ಹೋಗುವ ಸಮ್ಮರಿ ಎರಡಕ್ಕೂ ಒಂದೇ ಮಾತು ಅನ್ವಯ. ಬ್ರಾಂಡ್ ಹೆಸರಿನ ಪಕ್ಕದಲ್ಲಿ ಜೆನೆರಿಕ್ ಹೆಸರು, ಯಾವ ಕಾಯಿಲೆಗೆಂದು ಒಂದು ಪದ, ಎಷ್ಟು ದಿನವೆಂದು ತಾರೀಕು, ಮುಂದಿನ ರಕ್ತಪರೀಕ್ಷೆ ಯಾವಾಗ, ಇಷ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನಿಲ್ಲಿಸಿದ ಮದ್ದುಗಳದ್ದೇ ಒಂದು ಅಂಕಣ ಬೇಕು, ಏಕೆ ನಿಲ್ಲಿಸಿದ್ದೆಂದು ಕಾರಣದ ಸಮೇತ. ಸಮ್ಮರಿಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಅದೇ. ಹೊಸ ಮದ್ದು ಶುರುವಾದದ್ದು ಎಲ್ಲರಿಗೂ ತಿಳಿಯುತ್ತದೆ, ಹಳೆಯದು ನಿಂತದ್ದು ಆರೋಗ್ಯ ಕೇಂದ್ರಕ್ಕೆ ತಿಳಿಯುವುದಿಲ್ಲ, ಮುಂದಿನ ತಿಂಗಳು ಅದೇ ಲಕೋಟೆ ಮತ್ತೆ ಮನೆಗೆ ಬರುತ್ತದೆ. ಮನೆಗೆ ಹೊರಡುವ ಮುನ್ನ ತೊಟ್ಟೆಯಲ್ಲಿದ್ದ ನಿಂತ ಮದ್ದಿನ ಸ್ಟ್ರಿಪ್ಪುಗಳನ್ನು ರೋಗಿಯ ಎದುರೇ ಬೇರೆ ತೆಗೆದಿಟ್ಟು, ಉಳಿದವುಗಳ ಮೇಲೆ ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ ಎಂದು ಅವರು ಓದುವ ಲಿಪಿಯಲ್ಲಿ ಬರೆದು, “ಇದನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ಒಮ್ಮೆ ಹೇಳಿ” ಎಂದು ಅವರ ಬಾಯಿಂದಲೇ ಹೇಳಿಸಬೇಕು. ಮದ್ದು ಕೊಡುವುದು ಸೊಸೆಯಾದರೆ ಸೊಸೆಯ ಬಾಯಿಂದ.